ಶ್ರದ್ಧಾಂಜಲಿ ಫ್ಲೆಕ್ಸಿನ ಮೇಲೆ ‘ವಿಗರ್’

ನೀವು ನಂಬುವುದಿಲ್ಲ. ಬೈಸಿಕೊಂಡವನು ನಾನೇ ಅಲ್ಲದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಳೆದ ವರ್ಷ ಫಸ್ಟ್ ಪಿಯುಸಿ ರಜೆಯಲ್ಲಿ ವಿಜಯನಗರದ ನಮ್ಮ ಫ್ಲೆಕ್ಸ್ ಅಂಗಡಿಗೆ ನಾನೇ ಡಿಸೈನರ್. ಅಪ್ಪನದು ಒಂದೇ ಷರತ್ತು: ಒಂದು ಫ್ಲೆಕ್ಸ್ ವಾಪಸ್ ಬಂದರೂ ಕಂಪ್ಯೂಟರ್ ಮುಂದಿನ ಕುರ್ಚಿ ಬಿಟ್ಟು ಟ್ಯೂಷನ್‌ಗೆ ಹೋಗಬೇಕು.

ನಮ್ಮ ಕಸುಬಿನಲ್ಲಿ ಯಾವುದನ್ನೂ ಮೊದಲಿನಿಂದ ಮಾಡುವುದಿಲ್ಲ. ಹಳೆಯ ಫೈಲ್ ತೆರೆದು ಫೋಟೊ, ಹೆಸರು ಬದಲಾಯಿಸುತ್ತೇವೆ. ಹೇರೋಹಳ್ಳಿಯ ನಾಗರಾಜಣ್ಣನಿಗೆ ಅವರ ತಂದೆಯ ಹನ್ನೊಂದನೇ ದಿನದ ಕಾರ್ಯಕ್ಕೆ ಶ್ರದ್ಧಾಂಜಲಿ ಫ್ಲೆಕ್ಸ್ ಬೇಕಿತ್ತು. ನಾನು ತೆರೆದದ್ದು ಅತ್ತಿಗುಪ್ಪೆಯ ಜಿಮ್ ಒಂದರ ಫೈಲು. ಬಾಡಿಬಿಲ್ಡರನ್ನು ಎಬ್ಬಿಸಿ ತಾತನನ್ನು ಕೂರಿಸಿದೆ, ಹಾರ ಹಾಕಿದೆ, ಎರಡೂ ಕಡೆ ದೀಪ ಹಚ್ಚಿದೆ. ಕೆಳಗಿನ ಇಂಗ್ಲಿಷ್ ಸಾಲುಗಳು ಮಾತ್ರ ಹಾಗೇ ಉಳಿದವು.

ಮಾರನೆಯ ಬೆಳಿಗ್ಗೆ, ತಲೆ ಬೋಳಿಸಿಕೊಂಡಿದ್ದ ನಾಗರಾಜಣ್ಣ ಫ್ಲೆಕ್ಸಿನ ಒಂದು ತುದಿ, ಅವರ ಹೆಂಡತಿ ಇನ್ನೊಂದು ತುದಿ ಹಿಡಿದು ಅಂಗಡಿಗೆ ನುಗ್ಗಿದರು.

“ಫೀಲ್ ದ ವಿಗರ್ ಅಂತ ಹಾಕಿದೀಯಲ್ಲೋ! ವಿಗರ್ ಅಂದ್ರೆ ಏನೋ?”

ಅಲ್ಲೇ ಕ್ಷಮೆ ಕೇಳಬಹುದಿತ್ತು. ಆದರೆ ಇಂಗ್ಲಿಷ್‌ನಲ್ಲಿ ಕಾಲೇಜಿಗೇ ಫಸ್ಟ್ ಬಂದವನು ನಾನು, ನನ್ನ ಬೆಂಚಿನ ಮಟ್ಟಿಗೆ. ಕುರ್ಚಿಯಿಂದ ಏಳದೆಯೇ ಶುರುಮಾಡಿದೆ.

“ಕಸುವು ಅಣ್ಣಾ. ಮೈಗೂ ಮನಸ್ಸಿಗೂ ಇರೋ ಚೈತನ್ಯ. ಎನರ್ಜಿ ಅಂದ್ರೆ ಮೊಬೈಲ್ ಬ್ಯಾಟರೀಲೂ ಇರತ್ತೆ. ವಿಗರ್ ಅನ್ನೋದನ್ನ ಜಾಸ್ತಿ ಬಳಸೋದು ಜೀವ ಇರೋದಕ್ಕೇ. ಮನುಷ್ಯರಿಗೆ, ಗಿಡಕ್ಕೆ...”

“ಜೀವ ಇರೋದಕ್ಕಾ? ನಮ್ಮಪ್ಪ ಹೋಗಿ ಹನ್ನೊಂದು ದಿನ ಆಯ್ತಲ್ಲೋ!”

“ವಾಕ್ಯದಲ್ಲಿ ಹೇಳಿದ್ರೆ ಅರ್ಥ ಆಗತ್ತೆ ಅಣ್ಣಾ. ಈಗ ನೀವು ಬೈತಿದೀರಲ್ಲ, ಅದು ವಿತ್ ವಿಗರ್.”

ಪಕ್ಕದ ಜ್ಯೂಸ್ ಅಂಗಡಿಯ ಮಿಕ್ಸರ್ ನಿಂತಿತು. ನಾಗರಾಜಣ್ಣನ ಬೋಳುತಲೆ ಕಲ್ಲಂಗಡಿ ಜ್ಯೂಸಿನ ಬಣ್ಣಕ್ಕೆ ತಿರುಗಿತು.

“ರೀ, ಅದಿರ್ಲಿ, ಅದರ ಕೆಳಗೆ ಓದ್ರೀ,” ಎಂದರು ಆಂಟಿ. “ಜಾಯಿನ್ ಟುಡೇ ಅಂತೆ! ಬಂದ ನೆಂಟ್ರೆಲ್ಲ ಇವತ್ತೇ ಹೋಗಿ ಮಾವನವರ ಜೊತೆ ಸೇರ್ಕೋಬೇಕಾ?”

“ಊಟಕ್ಕೆ ಜಾಯಿನ್ ಆಗಿ ಅಂತ ತಿಳ್ಕೊಳ್ಳಿ ಆಂಟಿ.”

“ನಿನ್ ನಾಲಿಗೆಗಿಷ್ಟು ಬೆಂಕಿ ಹಾಕ! ಶಾಮಿಯಾನ ಕಟ್ಟಾಯ್ತು, ನೆಂಟ್ರು ಬಂದು ಕೂತವ್ರೆ, ಫೋಟೊ ಇಲ್ದೆ ಮಾವ ಅನಾಥ ಆದಂಗಾಯ್ತು!”

ನಾಗರಾಜಣ್ಣ ಫ್ಲೆಕ್ಸಿನ ತುದಿ ಬಿಟ್ಟು ನನ್ನ ಕಾಲರ್‌ಗೆ ಕೈ ಹಾಕುವಷ್ಟರಲ್ಲಿ ಅಪ್ಪ ಒಳಗೆ ಬಂದರು. ನೆಲಕ್ಕೆ ಬಿದ್ದ ತಾತನನ್ನು ಎತ್ತಿ, ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಕೈ ಮುಗಿದರು.

“ಅರ್ಧ ಗಂಟೆ ಕೊಡಿ ನಾಗರಾಜಣ್ಣ. ನಾನೇ ಮಾಡಿ, ನಾನೇ ಬಂದು ಕಟ್ಟಿಕೊಡ್ತೀನಿ.”

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಎಳೆದುಕೊಂಡರು. ನಾನಿನ್ನೂ ಅದರ ಮೇಲೆ ಕೂತಿದ್ದೆ.