ಬಂದರು ಕಾಯುವ ತಮ್ಮನಿಗೆ ಹರಿಹರದ ಉಡಿ

ನನ್ನ ತಮ್ಮ ನೌಕಾಪಡೆಯಲ್ಲಿ ಮುಳುಗುಗಾರ. ಕೆಲಸ ಕಾರವಾರದ ಬಂದರಿನಲ್ಲಿ. ಈಜು ಕಲಿತದ್ದು ಮಾತ್ರ ಹರಿಹರದ ಹೊಳೆಯಲ್ಲಿ, ಅವ್ವನ ಕೈಲಿ ಒದೆ ತಿನ್ನುತ್ತಲೇ. ದಾವಣಗೆರೆಯ ವಿನೋಬನಗರದಲ್ಲಿ ಕೂತ ನನಗೆ ಸಮುದ್ರವೆಂದರೆ ಟಿ.ವಿ.ಯಲ್ಲಿ ಕಂಡಷ್ಟೇ. ಆದರೆ ಕೆದಕಿ ಕೇಳುವ ಚಟ ನನ್ನದು. ರಜೆಗೆ ಬಂದು ಮಂಡಕ್ಕಿ ಮೆಲ್ಲುತ್ತಿದ್ದವನನ್ನು ಹಿಡಿದುಕೊಂಡೆ.

"ಅಲ್ಲಪ್ಪ, ಯುದ್ಧ ಬಂದ್ರೆ ಅಷ್ಟು ದೊಡ್ಡ ಸಮುದ್ರನ ಹೆಂಗೆ ಕಾಯ್ತೀರಿ?"

"ಬಂದರಿನ ಬಾಯಿ ಕಾಯ್ತೀವಕ್ಕ. ಮ್ಯಾಲೆ ದೋಣಿಯವ್ರು ಗಸ್ತು ತಿರುಗ್ತಾರೆ. ನಾವು ಕೆಳಗಿಳಿದು ಹಡಗಿನ ಅಡಿ ತಡವಿ ನೋಡ್ತೀವಿ, ಯಾರಾದ್ರೂ ಬಾಂಬ್ ಅಂಟಿಸಿ ಹೋಗ್ಯಾರೇನು ಅಂತ."

"ಕಣ್ಣಿಗೆ ಕಾಣ್ತೈತೇನು?"

"ರಾಡಿ ನೀರಾಗ ಏನ್ ಕಾಣ್ತೈತೆ? ಕೈಯಾಗೇ ನೋಡ್ಬೇಕು."

ಹೆಚ್ಚಿಗೆ ಹೇಳುವಂತಿಲ್ಲವೆಂದು ಎದ್ದುಹೋದ. ಅವನ ಆ ಕೈ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಆಮೇಲೆ ಗಡಿಯಲ್ಲಿ ಗುಂಡು ಹಾರಿ, ಬಂದರುಗಳಿಗೂ ಕಾವಲು ಬಿಗಿಯಾಯಿತು. ತಮ್ಮನ ಫೋನ್ ಬಂದ್. ಅವ್ವ ಅಳಲಿಲ್ಲ. ಮೊರದಲ್ಲಿ ಕುಬಸದ ಕಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಜೋಡಿಸಿಕೊಂಡು, ನನ್ನನ್ನೂ ಕರಕೊಂಡು ಹರಿಹರಕ್ಕೆ ಹೊರಟಳು. ಹೊಳೆಗೆ ಉಡಿ ತುಂಬುವುದು ಮಳೆಗಾಲದಲ್ಲಿ, ಹೊಳೆ ತುಂಬಿದಾಗ. ಆಗಿನ್ನೂ ಬೇಸಿಗೆ.

"ಈಗ್ಯಾಕವ್ವ?"

"ಹೊಳಿ ಸಮುದ್ರಕ್ಕೇ ಹೋಗ್ತೈತಲ್ಲ. ನನ್ ಮಗನ್ನ ಕಾಯಿ ಅಂತ ಇದ್ರ ಕೈಲೇ ಹೇಳಿ ಕಳಿಸ್ತೀನಿ."

ಹೊಳೆಯ ಮೆಟ್ಟಿಲ ಮೇಲೆ ನಿಂತು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಮೊಬೈಲಿನಲ್ಲಿ ನಕ್ಷೆ ತೆಗೆದು ನೋಡಿದರೆ, ನಮ್ಮ ತುಂಗಭದ್ರೆ ಕಾರವಾರಕ್ಕೆ ಬೆನ್ನು ಹಾಕಿ, ಕೃಷ್ಣೆಯನ್ನು ಕೂಡಿ, ಆಂಧ್ರದ ಆಚೆಯ ಸಮುದ್ರಕ್ಕೆ ಹೊರಟಿದ್ದಾಳೆ! ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಮೊರ ಹಿಡಿದ ಅವ್ವನ ಕೈ ಅಲ್ಲೇ ನಿಂತಿತು. ಮುಖ ಸಣ್ಣದಾಯಿತು.

"ಆ ಕಡಿ ಬಂದರ ಇಲ್ಲೇನು?" ಎಂದಳು ಕೊನೆಗೆ.

"ಅದಾವೆ ಅವ್ವ, ದೊಡ್ಡವೇ ಅದಾವೆ."

"ಅಲ್ಲೂ ಹಡಗಿನ ಅಡಿ ತಡವೋ ಹುಡುಗ್ರು ಇರ್ತಾರಲ್ಲ?"

"ಇರ್ತಾರೆ."

"ನಮ್ಮವನ ಕಡಿಗೆ ಯಾವ ಹೊಳಿ ಹೋಗ್ತೈತೆ ನೋಡು."

"ಕಾಳಿ ನದಿ."

"ಹಂಗಾರೆ ಅವನ್ನ ಕಾಳಿ ದಂಡಿ ತಾಯಂದಿರು ನೋಡ್ಕೊಳ್ಲಿ. ಇದು ಆ ಕಡಿ ಹುಡುಗ್ರಿಗೆ ಮುಟ್ಲಿ."

ಬಾಗಿ ಮೊರವನ್ನು ನೀರಿಗೆ ಬಿಟ್ಟಳು. ಹೊಳೆಯಲ್ಲಿ ನೀರು ಕಡಿಮೆ. ಹಿಂದಿನ ದಿನದ ಮಳೆಗೆ ರಾಡಿ ಬೇರೆ. ಸ್ವಲ್ಪ ದೂರ ಹೋದ ಮೊರ ಯಾವುದಕ್ಕೋ ತಾಗಿ ನಿಂತುಬಿಟ್ಟಿತು. ಅವ್ವ ನನ್ನ ಮುಖ ನೋಡಿದಳು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಏನೂ ಕಾಣದು. ಮೊರದ ಅಡಿಗೆ ಕೈ ಹಾಕಿ, ತಡವಿ, ಸಿಕ್ಕಿಕೊಂಡಿದ್ದ ಕಲ್ಲಿನಿಂದ ಬಿಡಿಸಿ, ಹರಿವ ನೀರಿಗೆ ತಳ್ಳಿದೆ.