ಒಳಗೆ ಕೂತವನನ್ನು ಎಬ್ಬಿಸಿದವಳು

ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ, ಆಗಲೇ ಒಳಗೆ ಬಂದು ಕೂತಿರುವವನು ಎದ್ದು ಹೋಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ, ಯಾಕೆಂದರೆ ಗೊತ್ತಿದ್ದವರು ಹೇಳುವ ಗೋಜಿಗೆ ಹೋಗಲಿಲ್ಲ. ಹೊಸ ಬೀಗ ಜಡಿದಾಯಿತು ಎಂದು ನೀವು ನಿರಾಳವಾಗಿ ಕೈ ತೊಳೆದುಕೊಳ್ಳುತ್ತೀರಿ. ನಿನ್ನೆಯೇ ಒಳಗೆ ಸೇರಿದವನು ನಿಮ್ಮ ಕುರ್ಚಿಯಲ್ಲೇ ಕಾಲು ಚಾಚಿ ನಿಮ್ಮ ಕಾಗದ ಓದುತ್ತಿರುತ್ತಾನೆ.

ಹೇಳುವ ಗೋಜಿಗೆ ಹೋದವಳು ಒಬ್ಬಳಿದ್ದಾಳೆ. ದೊಡ್ಡದೊಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು. ಐವತ್ತೆರಡು ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಯಾರು ಬಾಗಿಲು ತೆರೆದಿಟ್ಟು ಹೋದರೂ ಬೈದು ವಾಪಸ್ ಕರೆಸಿ ಮುಚ್ಚಿಸುವ ಚಟ. ಆ ಚಟದಿಂದಲೇ ಆಸ್ಪತ್ರೆಯವರು ಅವಳಿಗೆ ‘ಚಿಲಕ’ ಎಂದು ಹೆಸರಿಟ್ಟಿದ್ದರು. ಅವಳು ಆ ಹೆಸರನ್ನು ಪದವಿಯ ಹಾಗೆ ಹೊತ್ತು ತಿರುಗುತ್ತಿದ್ದಳು.

ನೋಂದಣಿ ಕಿಟಕಿಯಲ್ಲಿ ಚೀಟಿ ಬರೆಯಲು ಸೇರಿದವಳು ಅವಳು. ಕಂಪ್ಯೂಟರ್ ಬಂದ ಮೇಲೆ ಅದು ಕೆಟ್ಟಾಗಲೆಲ್ಲ ರಿಪೇರಿಯವನ ದಾರಿ ಕಾಯಬೇಕಿತ್ತು. ರೋಗಿಗಳು ಸಾಲಿನಲ್ಲಿ ನಿಂತು ಇವಳನ್ನು ಬೈಯುತ್ತಿದ್ದರು. ಮಾಡದ ತಪ್ಪಿಗೆ ಬೈಸಿಕೊಂಡು ಸಾಕಾಗಿ ತಾನೇ ಕಲಿತಳು. ಯಾರೂ ಕಲಿಸಲಿಲ್ಲ, ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಕಲಿಯುತ್ತ ಕಲಿಯುತ್ತ ಒಂದು ಓಪನ್ ಸೋರ್ಸ್ ತಂತ್ರಾಂಶದ ಕೆಲಸಕ್ಕೆ ಕೈ ಹಾಕಿದಳು. ಅಂದರೆ ಒಳಗಿನದ್ದೆಲ್ಲ ಬಯಲಲ್ಲಿಟ್ಟ ತಂತ್ರಾಂಶ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ಇದು ಮಾಡುವುದು ಕಾವಲು. ಬಂದವರಿಗೆ ಎರಡೇ ಪ್ರಶ್ನೆ ಕೇಳುತ್ತದೆ. ನೀನು ಯಾರು? ನಿನಗೆ ಏನೇನು ಮುಟ್ಟುವ ಹಕ್ಕಿದೆ? ಮೊದಲನೆಯದು ಗೇಟಿನ ಪ್ರಶ್ನೆ, ಎರಡನೆಯದು ಔಷಧಿ ಕಪಾಟಿನ ಪ್ರಶ್ನೆ. ಉತ್ತರ ಸರಿಯಿದ್ದರೆ ಒಂದು ಪಾಸು ಕೊಡುತ್ತದೆ. ಅದನ್ನು ತೋರಿಸುತ್ತ ಓಡಾಡಬಹುದು. ಇವಳ ಆಸ್ಪತ್ರೆಯಲ್ಲೂ ಅದೇ, ಊರೂರಿನ ಶಾಲೆ, ಗ್ರಂಥಾಲಯ, ಕಂಪನಿಗಳಲ್ಲೂ ಅದೇ. ಲಕ್ಷಾಂತರ ಜನ ದಿನಾ ಅದರ ಮುಂದೆ ಹಾದುಹೋಗುತ್ತಾರೆ. ಅದನ್ನು ತಿದ್ದಿ ತೀಡುವವರು ಮಾತ್ರ ಇಬ್ಬರು: ಚಿಲಕ, ಮತ್ತು ದೂರದ ಊರಿನ ಇನ್ನೊಬ್ಬ. ಅವನ ಗಡ್ಡ ವಿಡಿಯೊ ಕರೆಯ ಅರ್ಧ ಪರದೆ ತುಂಬುತ್ತಿತ್ತು, ಆದ್ದರಿಂದ ಅವನು ಗಡ್ಡಪ್ಪ. ಇಬ್ಬರ ನಡುವೆ ಒಂದೇ ಕಟ್ಟಳೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗಕೂಡದು.

ಒಂದು ಮಧ್ಯಾಹ್ನ ಮಕ್ಕಳ ವಾರ್ಡಿನ ನರ್ಸ್ ದಾಖಲೆ ಕೋಣೆಗೆ ಬಂದಳು. ಬಂದವಳೇ ಹೇಳದೆ ಕೇಳದೆ ಬಾಗಿಲು ಮುಚ್ಚಿದಳು. ಚಿಲಕ ತಲೆ ಎತ್ತಿದ್ದೇ ಆ ಆಶ್ಚರ್ಯಕ್ಕೆ.

“ಅಕ್ಕಾ, ನನಗೆ ಹುಚ್ಚು ಹಿಡಿದಿದೆಯಾ ಅಂತ ನೋಡಿ ಹೇಳಿ.”

“ಅದನ್ನ ಎರಡನೇ ಮಹಡಿ ಡಾಕ್ಟರ್ ಹತ್ರ ಕೇಳಮ್ಮ. ನಾನು ಬಿಡಿಸೋದು ಕಂಪ್ಯೂಟರ್ ಹುಚ್ಚು ಮಾತ್ರ.”

ನರ್ಸ್ ನಗಲಿಲ್ಲ. “ಅವನಿಗೆ ನನ್ನ ಡ್ಯೂಟಿ ಮುಗಿಯೋ ಹೊತ್ತು ಗೊತ್ತಾಗ್ತಿದೆ ಅಕ್ಕ.”

ಅವನು ಅಂದರೆ ಗಂಡ. ಏಳು ತಿಂಗಳ ಹಿಂದೆ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಅವನ ಮನೆಯಿಂದ ಹೊರಬಿದ್ದಿದ್ದಳು. ಈಗಿರುವ ಕೋಣೆಯ ವಿಳಾಸ ನೆಂಟರಲ್ಲಿ ತಂಗಿಗೆ ಮಾತ್ರ ಗೊತ್ತು, ಆಸ್ಪತ್ರೆಯ ದಾಖಲೆಯಲ್ಲೂ ಇದೆ.

“ಬಸ್ ಸ್ಟಾಪ್ ಎದುರಿನ ಕಟ್ಟೆ ಹತ್ರ ನಿಂತಿರ್ತಾನೆ. ಬೈಯಲ್ಲ, ಹತ್ರಾನೂ ಬರಲ್ಲ. ವಾಚ್ ನೋಡ್ತಾನೆ, ನನ್ನ ನೋಡ್ತಾನೆ, ನಗ್ತಾನೆ. ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಡ್ಯೂಟಿ ಬದಲು ಮಾಡ್ಕೊಂಡೆ. ಎರಡು ಗಂಟೆಗೆ ಹೊರಗೆ ಬಂದ್ರೆ ನಿಂತಿದ್ದ. ಪಾಸ್‌ವರ್ಡ್ ನಾಲ್ಕು ಸಲ ಬದಲಾಯಿಸಿದೆ ಅಕ್ಕ, ನಾಲ್ಕು ಸಲ!”

ಚಿಲಕ ಅವಳ ಖಾತೆಯ ದಾಖಲೆ ತೆರೆದಳು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತ ಬಂದು ನಿಂತಳು.

“ಆ ಮನೇಲಿ ಟ್ಯಾಬ್ ಏನಾದ್ರೂ ಬಿಟ್ಟು ಬಂದಿದ್ದೀಯಾ?”

“ಒಂದಿತ್ತು. ಪರದೆ ಒಡೆದಿತ್ತು ಅಂತ ಕಪಾಟಿನ ಮೇಲೆ ಎಸೆದಿದ್ದೆ.”

“ಅದು ಏಳು ತಿಂಗಳಿಂದ ನಿನ್ನ ಹೆಸರಲ್ಲಿ ಒಳಗೇ ಇದೆ. ಅದರಲ್ಲಿ ದಿನಾ ನಾಲ್ಕಾರು ಸಲ ಡ್ಯೂಟಿ ಪಟ್ಟಿ ತೆಗೆದು ನೋಡಿದ್ದಾನೆ. ಇವತ್ತೂ ನೋಡಿದ್ದಾನೆ. ವಿಳಾಸದ ಪುಟ ಇನ್ನೂ ತೆಗೆದಿಲ್ಲ.”

ಆ ‘ಇನ್ನೂ’ ಎಂಬ ಮಾತು ಇಬ್ಬರ ನಡುವೆ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಚಿಲಕ ಕೈಯಾರೆ ಆ ಪಾಸು ರದ್ದು ಮಾಡಿದಳು.

“ಹೋದನಾ?”

“ಹೋದ.”

“ಹಾಗಾದ್ರೆ ನಾನು ನಾಲ್ಕು ಸಲ ಮಾಡಿದ್ದು ಏನು?”

ಯಾರ ಬಾಯಿಗೂ ಸೋಲದ ಚಿಲಕ ತಂತ್ರಾಂಶದ ಒಳಗಿನ ಸಾಲುಗಳನ್ನು ಪರದೆಗೆ ತಂದಳು. ಪಾಸ್‌ವರ್ಡ್ ಬದಲಾದರೂ ಹಳೆಯ ಪಾಸುಗಳು ಹಾಗೇ ಇರಲಿ ಎಂಬ ಸಾಲನ್ನು ಆರು ವರ್ಷದ ಹಿಂದೆ ಬರೆದವಳು ಅವಳೇ. ಆಗ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕೆಂಬ ನಿಯಮ ಬಂದಿತ್ತು. ಬದಲಾಯಿಸಿದ ಕೂಡಲೇ ವಾರ್ಡಿನ ಯಂತ್ರಗಳು ನರ್ಸ್‌ಗಳನ್ನು ಅರ್ಧ ಕೆಲಸದಲ್ಲಿ ಹೊರಗೆ ದಬ್ಬುತ್ತಿದ್ದವು. ಗೋಳು ಕೇಳಲಾರದೆ ಆ ಸಾಲು ಸೇರಿಸಿದ್ದಳು. ಗಡ್ಡಪ್ಪನೂ ಒಪ್ಪಿದ್ದ. ಸಾಲಿನ ಪಕ್ಕ ಇವಳದೇ ಟಿಪ್ಪಣಿ ಈಗಲೂ ಇತ್ತು: ‘ಪಾಪ, ನರ್ಸ್‌ಗಳನ್ನು ಎಬ್ಬಿಸುವುದು ಬೇಡ.’

ಆ ‘ಪಾಪ’ ಅವಳನ್ನು ಮನೆಯ ತನಕ ಹಿಂಬಾಲಿಸಿತು.

ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಎಂಬತ್ತು ದಾಟಿದ ಮುದುಕಿ, ಒಂದು ಕಾಲದ ಹಾಸ್ಟೆಲ್ ವಾರ್ಡನ್. ಸೊಸೆ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವಳ ಮನಸ್ಸು ಓದುತ್ತಿದ್ದರು. ವಿಷಯವೆಲ್ಲ ಕೇಳಿ ಹಲ್ಲಿನಿಂದ ದಾರ ಕಡಿದರು.

“ಅಲ್ವೇ, ಬೀಗ ಬದಲಾಯಿಸೋ ಮುಂಚೆ ಒಳಗಿರೋ ತಲೆ ಎಣಿಸಬಾರದೇನೇ? ನನ್ನ ಹಾಸ್ಟೆಲಲ್ಲಿ ಒಂದು ಕೀಲಿ ಕಳೆದರೂ ಅಷ್ಟೂ ಹುಡುಗೀರನ್ನ ಅಂಗಳಕ್ಕೆ ಇಳಿಸಿ, ಮುಖ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡ್ತಿದ್ದೆ.”

“ಬೈತಿರಲಿಲ್ವಾ ಅತ್ತೆ?”

“ಬೈತಿದ್ರು! ನನಗಿಟ್ಟಿದ್ದ ಹೆಸರು ಕೇಳಿದ್ರೆ ನೀನು ಊಟ ಬಿಡ್ತೀಯ. ಬೈಸಿಕೊಳ್ಳೋದಕ್ಕೇ ಅಲ್ವೇನೇ ನನ್ನ ಇಟ್ಟುಕೊಂಡಿದ್ದು? ನಿನಗೆ ಒಳ್ಳೆಯವಳು ಅನ್ನಿಸ್ಕೊಳ್ಳೋ ಚಪಲ. ಹೋಗು, ಮುಖ ತೊಳಿ.”

ಚಿಲಕ ಮುಖ ತೊಳೆದಳು. ಮರುದಿನದಿಂದ ಎರಡು ವಾರ, ಡ್ಯೂಟಿಗೆ ಮುಂಚೆ ಸಿಗುವ ಎರಡೆರಡು ಗಂಟೆಯಲ್ಲಿ ತಿದ್ದುಪಡಿ ಬರೆದಳು. ಪಾಸ್‌ವರ್ಡ್ ಬದಲಾದರೆ, ಬದಲಾಯಿಸಿದ ಯಂತ್ರ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಪಾಸೂ ರದ್ದು. ಡ್ಯೂಟಿ ಪಟ್ಟಿ, ವಿಳಾಸದಂಥ ಪುಟಗಳು ಪಾಸಿನ ಮುಖ ನೋಡಿ ನಂಬದೆ, ಇದು ಇನ್ನೂ ಜೀವಂತವೇ ಎಂದು ಪ್ರತಿ ಸಲವೂ ಕಾವಲಿಗೆ ಕೇಳಬೇಕು. ಮೂರನೆಯದು ಒಂದು ಹೊಸ ಪುಟ: ನಿಮ್ಮ ಹೆಸರಲ್ಲಿ ಯಾವ ಯಾವ ಯಂತ್ರ ಒಳಗಿದೆ ಎಂಬ ಪಟ್ಟಿ, ಪ್ರತಿಯೊಂದರ ಪಕ್ಕ ‘ಹೊರಗೆ ಹಾಕು’ ಎಂಬ ಗುಂಡಿ. ವಾರ್ಡಿನಲ್ಲಿ ಮತ್ತೆ ಪಾಸ್‌ವರ್ಡ್ ಒತ್ತಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿದಳು. ಇಪ್ಪತ್ತು ಸೆಕೆಂಡು. ಇಪ್ಪತ್ತು ಸೆಕೆಂಡಿನ ಕರುಣೆಗೆ ಆ ಹುಡುಗಿ ಏಳು ತಿಂಗಳು ಬೆಲೆ ತೆತ್ತಿದ್ದಳು.

ಯಾಕೆ ತಿದ್ದುತ್ತಿದ್ದೇನೆ ಎಂಬುದನ್ನೂ ಎಲ್ಲರಿಗೂ ಕಾಣುವಂತೆ ಬರೆದಳು. ನರ್ಸ್‌ನ ಗುರುತು ಸಿಗುವಂಥ ಒಂದು ಅಕ್ಷರವೂ ಇಲ್ಲ. ತನ್ನ ಗುರುತು ಮಾತ್ರ ನೆಟ್ಟಗೆ: ‘ಈ ತಪ್ಪು ನನ್ನದು.’

ತಿದ್ದುಪಡಿಯನ್ನು ಗಡ್ಡಪ್ಪನ ಒಪ್ಪಿಗೆಗೆ ಇಟ್ಟ ಮೂರನೇ ದಿನ ವಿಡಿಯೊ ಕರೆ ಬಂತು. ಇವರ ಕಾವಲನ್ನು ಎಲ್ಲರಿಗಿಂತ ಹೆಚ್ಚು ಬಳಸುವ ದೊಡ್ಡ ಕಂಪನಿಯ ಮ್ಯಾನೇಜರ್. ಗಡ್ಡಪ್ಪನ ಹಗಲು ಕೆಲಸವೂ ಆ ಕಂಪನಿಯಲ್ಲೇ.

“ಮೇಡಂ, ಅದ್ಭುತ ಕೆಲಸ. ಒಂದೇ ಕೋರಿಕೆ. ಇದನ್ನ ಮೊದಲಿಂದಲೇ ಚಾಲೂ ಇಡಬೇಡಿ. ಬೇಕಾದವರು ಚಾಲೂ ಮಾಡ್ಕೋತಾರೆ. ನಮ್ಮ ಗ್ರಾಹಕರು ಮತ್ತೆ ಮತ್ತೆ ಲಾಗಿನ್ ಆಗೋಕೆ ಬೇಜಾರು ಮಾಡ್ಕೋತಾರೆ.”

“ಯಾರಿಗೆ ಬೇಕು ಅಂತ ಯಾರಿಗೆ ಗೊತ್ತಾಗುತ್ತೆ ಸರ್? ಒಳಗೆ ಕೂತವನಿಗೆ ಎಲ್ಲಾ ಗೊತ್ತು. ಹೊರಗೆ ನಿಂತವಳಿಗೆ ಮಾತ್ರ ಗೊತ್ತಿಲ್ಲ.”

“ಅದೂ ಒಂದು ಮಾತು. ತಪ್ಪು ಗಿಪ್ಪು ಅಂತ ಬಹಿರಂಗವಾಗಿ ಬರೆಯೋದು... ಸ್ವಲ್ಪ ಮೃದುವಾಗಿ ಬರೀಬಹುದಲ್ಲ?”

“ನನ್ನ ತಪ್ಪು ಸರ್ ಅದು. ನಿಮಗ್ಯಾಕೆ ಅದನ್ನ ಮೃದು ಮಾಡೋ ಕಷ್ಟ?”

ಮ್ಯಾನೇಜರ್‌ನ ನಗು ಪರದೆಯ ಮೇಲೆ ಹಾಗೇ ಹೆಪ್ಪುಗಟ್ಟಿತು. ಸಂಪರ್ಕದ ದೋಷ ಇರಲಿಕ್ಕಿಲ್ಲ.

ಅಲ್ಲಿಂದ ಒಂಬತ್ತು ದಿನ ಗಡ್ಡಪ್ಪನ ಸುದ್ದಿಯಿಲ್ಲ. ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. ನರ್ಸ್ ದಿನವೂ ಊಟದ ಹೊತ್ತಿಗೆ ಇಣುಕಿ ಕಣ್ಣಲ್ಲೇ ಕೇಳಿ ಹೋಗುತ್ತಿದ್ದಳು. ಆಸ್ಪತ್ರೆಯ ಮಟ್ಟಿಗೆ ಅವಳ ಟ್ಯಾಬ್ ಕತೆ ಮುಗಿದಿತ್ತು. ಆದರೆ ಅವಳು ವಾಸದ ಕೋಣೆಯ ಬಾಡಿಗೆ, ಬಸ್ ಪಾಸು, ಬ್ಯಾಂಕಿನ ಅರ್ಜಿ ಎಲ್ಲಕ್ಕೂ ಬಳಸುತ್ತಿದ್ದ ಸೇವೆ ಆ ದೊಡ್ಡ ಕಂಪನಿಯದು. ಆ ಟ್ಯಾಬ್ ಅಲ್ಲೂ ಒಳಗೇ ಇದ್ದರೆ? ಅದನ್ನು ಚಿಲಕ ಕೈಯಾರೆ ಮುಚ್ಚುವಂತಿರಲಿಲ್ಲ.

ಚಿಲಕದ ಬಳಿ ಒಂದು ಉಪಾಯವಿತ್ತು. ಅಪಾಯದ ಹೊತ್ತಿಗೆಂದು ಕಟ್ಟಳೆ ಮೀರಿ ತಿದ್ದುಪಡಿ ಒಳಗೆ ತಳ್ಳುವ ಅಧಿಕಾರ ಅವಳಿಗೊಬ್ಬಳಿಗೇ ಇತ್ತು. ಹತ್ತನೇ ದಿನ ಬೆಳಿಗ್ಗೆ ಗುಂಡಿಯ ಮೇಲೆ ಬೆರಳೂ ಇಟ್ಟಳು. ಇಟ್ಟ ಬೆರಳನ್ನೇ ನೋಡಿದಳು. ಲೋಕಕ್ಕೆಲ್ಲ ‘ನಿನಗೆ ಹಕ್ಕಿದೆಯೇ’ ಎಂದು ಕೇಳುವ ಯಂತ್ರ. ಅದನ್ನೇ ಯಾರನ್ನೂ ಕೇಳದೆ ತಿದ್ದುವುದೇ? ಬೆರಳು ತೆಗೆದು ಗಡ್ಡಪ್ಪನಿಗೆ ಫೋನ್ ಹಚ್ಚಿದಳು.

“ಅಕ್ಕ, ಒಪ್ಪಿದ್ರೆ ನನ್ನ ಕೆಲಸಕ್ಕೆ ಕುತ್ತು. ಅವರು ಬಾಯಿ ಬಿಟ್ಟೇ ಹೇಳಿದ್ದಾರೆ.”

“ಒಪ್ಪು ಅಂತ ನಾನು ಹೇಳಲ್ಲ ಗಡ್ಡಪ್ಪ. ಓದು ಅಂತೀನಿ. ತಪ್ಪಿದ್ರೆ ತಪ್ಪು ಅಂತ ಬರಿ, ಜಗಳ ಆಡೋಣ. ನಿನ್ನ ಗಡ್ಡದ ಹಿಂದೆ ಬಾಯಿ ಅನ್ನೋದು ಇದೆಯಲ್ಲ, ಸುಮ್ಮನೆ ಮಾತ್ರ ಇರಬೇಡ.”

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. ಆಮೇಲೆ ಕೀಲಿಮಣೆಯ ಸದ್ದು. ಕಾಲು ಗಂಟೆ ಯಾರೂ ಫೋನ್ ಇಡಲಿಲ್ಲ.

“ಅಕ್ಕ, ನಿನ್ನ ಮೂರನೇ ಪುಟ ಇದೆಯಲ್ಲ, ‘ಹೊರಗೆ ಹಾಕು’ ಅನ್ನೋದು. ಅದು ಅವನಿಗೂ ಕಾಣುತ್ತೆ.”

“ಯಾರಿಗೆ?”

“ಒಳಗೆ ಕೂತವನಿಗೆ. ಅವನೇ ಮೊದಲು ಒತ್ತಿದ್ರೆ ಹೊರಗೆ ಬೀಳೋದು ಅವಳು, ವಾಪಸ್ ಬಂದಷ್ಟು ಸಲಾನೂ. ಅವಳಿಗೆ ಬಾಗಿಲು, ಅವನಿಗೆ ಮನೆ.”

ಚಿಲಕ ಕುರ್ಚಿಯಲ್ಲಿ ನೆಟ್ಟಗಾದಳು. ಬೆಳಿಗ್ಗೆ ಆ ಗುಂಡಿ ಒತ್ತಿಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಆ ಪುಟ ಊರೂರಿಗೂ ತಲುಪಿರುತ್ತಿತ್ತು. ಒಂದು ‘ಪಾಪ’ದ ಮೇಲೆ ಇನ್ನೊಂದು.

“ದಡ್ಡಿ ನಾನು,” ಅಂದಳು.

“ದಡ್ಡಿ ಅಲ್ಲ, ಕೋಪದಲ್ಲಿ ಬರೆದಿದ್ದೀಯ. ಗುಂಡಿ ಒತ್ತಿದಾಗ ಈಗಿನ ಪಾಸ್‌ವರ್ಡ್ ಕೇಳಲಿ. ಅದು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.”

ಅವಳು ಅವತ್ತೇ ತಿದ್ದಿದಳು. ಅವನು ಮರುದಿನ ಮೊದಲಿಂದ ಕೊನೆಯ ತನಕ ಓದಿ, ತನ್ನ ನಿಜವಾದ ಹೆಸರಿನಲ್ಲಿ, ಮ್ಯಾನೇಜರ್ ಕಣ್ಣಿಗೂ ಬೀಳುವಂತೆ ಒಪ್ಪಿಗೆ ಹಾಕಿದ. ಕೆಳಗೊಂದು ಸಾಲು: ‘ಆರು ವರ್ಷದ ಹಿಂದೆ ಆ ತಪ್ಪಿಗೆ ಒಪ್ಪಿಗೆ ಹಾಕಿದವನು ನಾನು. ತಪ್ಪು ಇಬ್ಬರದ್ದು.’ ಅವನ ಕೆಲಸ ಹೋಗಲಿಲ್ಲ. ಅವನನ್ನು ಕಿಟಕಿಯಿಲ್ಲದ ಕೋಣೆಯ ಇನ್ನೊಂದು ವಿಭಾಗಕ್ಕೆ ಎತ್ತಿ ಹಾಕಿದರು. “ಗಡ್ಡಕ್ಕೆ ಬಿಸಿಲು ಬೇಕಿಲ್ಲ ಅಕ್ಕ,” ಅಂದ.

ಆಸ್ಪತ್ರೆಯಲ್ಲಿ ಹೊಸ ಕಾವಲು ಬಂತು. ನರ್ಸ್‌ಗಳು ಮೊದಲ ವಾರ ಚಿಲಕವನ್ನು ವಾರ್ಡ್ ವಾರ್ಡಿನಲ್ಲೂ ಬೈದರು. “ಅತ್ತೆ, ಬೈಸಿಕೊಂಡೆ,” ಎಂದು ಮನೆಗೆ ಬಂದು ಹೇಳಿದಳು. “ಈಗ ಕೆಲಸಕ್ಕೆ ಸೇರಿದೆ ಅನ್ನು,” ಅಂದರು ಮುದುಕಿ.

ಮಕ್ಕಳ ವಾರ್ಡಿನ ನರ್ಸ್ ಒಬ್ಬಳೇ ಬೈಯಲಿಲ್ಲ. ಅವಳಿಗೆ ಬೇರೆ ಸುದ್ದಿ ಗೊತ್ತಾಗಿತ್ತು. ದೊಡ್ಡ ಕಂಪನಿ ಹೊಸ ಆವೃತ್ತಿಯನ್ನು ತೆಗೆದುಕೊಂಡಿತು. ಆದರೆ ಮೂರೂ ಬದಲಾವಣೆಗಳನ್ನು ತನ್ನ ಪ್ರತಿಯಲ್ಲಿ ಬಂದ್ ಮಾಡಿಟ್ಟಿತು. ಬಯಲಲ್ಲಿಟ್ಟ ತಂತ್ರಾಂಶ, ಯಾರು ಹೇಗೆ ಬೇಕಾದರೂ ತಿದ್ದಬಹುದು, ಚಿಲಕ ತಡೆಯುವಂತಿಲ್ಲ. ನರ್ಸ್ ಅವರ ಸಹಾಯವಾಣಿಗೆ ಫೋನ್ ಮಾಡಿ ತನ್ನ ಹೆಸರಲ್ಲಿ ಒಳಗಿರುವ ಯಂತ್ರಗಳ ಪಟ್ಟಿ ಕೊಡಿ ಅಂದಳು. ಹಾಗೆ ಕೇಳಿದವರು ನೀವೇ ಮೊದಲು ಮೇಡಂ, ಬೇರೆ ಯಾರೂ ಕೇಳೋದಿಲ್ಲ ಎಂಬ ಉತ್ತರ ಬಂತು, ಪಟ್ಟಿ ಬರಲಿಲ್ಲ. ಅವಳು ಇವತ್ತೂ ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಮೊದಲು ನೋಡುವುದು ಬಸ್ಸನ್ನಲ್ಲ, ಎದುರಿನ ಕಟ್ಟೆಯನ್ನು.

ಬೇರೆ ಯಾರೂ ಕೇಳೋದಿಲ್ಲ. ಆ ‘ಬೇರೆ ಯಾರೂ’ ಅಂದರೆ ನೀವು. ಇದನ್ನು ಮಡಿಸಿಡುವ ಮೊದಲು ಫೋನ್ ಕೈಗೆ ತಗೊಳ್ಳಿ. ನಿಮ್ಮ ವಿಳಾಸ, ನಿಮ್ಮ ಹೊತ್ತುಗೊತ್ತು, ನಿಮ್ಮ ಮಕ್ಕಳ ಶಾಲೆಯ ದಾರಿ ಯಾವ ಸೇವೆಯ ಕೈಯಲ್ಲಿದೆಯೋ ಅವರಿಗೆ ಕರೆ ಮಾಡಿ. ನಾನು ಪಾಸ್‌ವರ್ಡ್ ಬದಲಾಯಿಸಿದರೆ ಒಳಗಿರುವವನು ಹೊರಗೆ ಬೀಳುತ್ತಾನೋ ಇಲ್ಲವೋ ಎಂದು ಕೇಳಿ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ತನಕ ಫೋನ್ ಇಡಬೇಡಿ.