ಮುಂದೆ ನಡೆಯುವ ನಾಯಿ

ನಾಯಿ ಸಾಕುವುದನ್ನು ತನಗೆ ಕಲಿಸುವವನು ಇನ್ನೂ ಹುಟ್ಟಿಲ್ಲ ಎಂದು ತಿಕೋಟಾದ ಅಮೋಘಿ ಹೇಳಿಕೊಂಡು ತಿರುಗುತ್ತಿದ್ದ. ತಿರುಗಲಿ ಬಿಡಿ, ಬುದ್ಧಿ ಬಂದಾಗಿನಿಂದ ಕುರಿ ಕಾಯ್ದವನು. ಅವನ ಒಂದು ಶಿಳ್ಳೆಗೆ, ದಾರಿ ತಪ್ಪಿದ ಕುರಿಯನ್ನು ತಿರುಗಿಸಿ ತರದ ನಾಯಿ ಅವನ ಹಟ್ಟಿಯಲ್ಲಿ ಇರಲೇ ಇಲ್ಲ. ಹೀಗಾಗಿ ವಿಜಯಪುರದ ಸಂಸ್ಥೆಯೊಂದು ಕಣ್ಣಿಲ್ಲದವರಿಗೆ ದಾರಿ ತೋರಿಸಬೇಕಾದ ಲ್ಯಾಬ್ರಡಾರ್ ಮರಿಯನ್ನು ಸಾಕಿ ಪಳಗಿಸಿ ಕೊಡುವವರು ಬೇಕೆಂದಾಗ, ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಅವನೇ.

ಮರಿ ಬಂದ ದಿನ ಓಣಿಗೆ ಓಣಿಯೇ ನೆರೆಯಿತು. ಅಬ್ಬಾ, ಏನು ಪಾದ, ಏನು ಮೈ! ಮರಿಯೋ ಕರುವೋ ಎಂದು ನಕ್ಕರು. ಮೋತಿ ಎಂದು ಹೆಸರಿಟ್ಟದ್ದು ಅಮೋಘಿಯ ಹೆಂಡತಿ ಹುಚ್ಚವ್ವ. ಒಣದ್ರಾಕ್ಷಿ ನಾಯಿಗೆ ವಿಷವಂತೆ, ಈ ಊರಲ್ಲೋ ಎಲ್ಲಿ ನೋಡಿದರೂ ಒಣದ್ರಾಕ್ಷಿಯ ಶೆಡ್ಡು. ನೆಲಕ್ಕೆ ಬಿದ್ದದ್ದನ್ನು ಮೂಸಬಾರದು ಎಂಬುದೇ ಅದರ ಮೊದಲ ಪಾಠವಾಯಿತು, ಮೋತಿ ಅದನ್ನು ಬೇಗ ಕಲಿತಿತು.

ಮೋತಿ ಯಾರಿಗಾಗಿ ಬೆಳೆಯುತ್ತಿತ್ತೋ ಅವರು ಒಮ್ಮೆ ನೋಡಲು ಬಂದರು. ವಿಜಯಪುರದ ಜಲನಗರದ ವಿದ್ಯಾವತಿ ಟೀಚರು. ಕಾಯಿಲೆಯಿಂದ ಕಣ್ಣು ಹೋದಮೇಲೆ ಯಾರದಾದರೂ ಕೈ ಹಿಡಿದೇ ಶಾಲೆಗೆ ಹೋಗುವವರು. ಮರಿಯ ತಲೆ, ಕಿವಿ, ಬಾಲ ಎಲ್ಲ ಸವರಿ ನೋಡಿ, "ಒಬ್ಬಾಕಿನ ಸಾಲಿಗೆ ಹೋಗಬೇಕಂತ ಭಾಳ ಆಸೆ ಐತಿರಿ ಕಾಕಾ," ಎಂದರು. ಅಂದಿನಿಂದ ಅಮೋಘಿಗೆ ಅದೊಂದೇ ಧ್ಯಾನ.

ಮೋತಿ ಆಳೆತ್ತರಕ್ಕೆ ಮುಂಗಾಲು ಎತ್ತುವಷ್ಟಾದಾಗ, ಸಂಸ್ಥೆಯಲ್ಲಿ ತರಬೇತಿ ಕೊಡುವ ಚಂದ್ರಕಲಾ ಬಂದು ಪರೀಕ್ಷಿಸಿದರು. ಕೂಡು ಎಂದರೆ ಕೂತಿತು, ನಿಲ್ಲು ಎಂದರೆ ನಿಂತಿತು. ಅಮೋಘಿಯ ಮೀಸೆ ತಾನಾಗಿಯೇ ಮೇಲೇರಿತು. ಆದರೆ ನಡೆ ಎಂದಾಗ ಮೋತಿ ನೆಟ್ಟಗೆ ಅವನ ಹಿಂದೆ ಹೋಗಿ ನಿಂತಿತು.

"ಹಿಂದ ನಡಿಯೋ ನಾಯಿ ಟೀಚರನ್ನ ಎಲ್ಲಿಗೆ ಒಯ್ತೈತಿ ಕಾಕಾ?" ಎಂದರು ಚಂದ್ರಕಲಾ.

ಅಮೋಘಿಯ ಮೀಸೆ ಇಳಿಯಿತು. ತಪ್ಪು ಅವನದೇ. ದಿನಾ ಕುರಿಯ ಜೊತೆ ಕರೆದೊಯ್ದಿದ್ದ, ಕುರುಬರ ನಾಯಿ ಯಾವತ್ತೂ ಮಂದೆಯ ಹಿಂದೆ, ಒಡೆಯನ ಹಿಂದೆ. ಮುಂದಿನ ಪರೀಕ್ಷೆಯೊಳಗೆ ತಿದ್ದದಿದ್ದರೆ ಮೋತಿಯನ್ನು ಯಾರದೋ ಮನೆಯ ಬಾಗಿಲು ಕಾಯಲು ಕೊಟ್ಟುಬಿಡುತ್ತಾರೆ. ಟೀಚರು ಇನ್ನೊಂದು ಮರಿ ಬೆಳೆಯುವವರೆಗೆ ಕಾಯಬೇಕು.

ಎಳೆದ, ಮುದ್ದು ಮಾಡಿದ, ರೊಟ್ಟಿ ತೋರಿಸಿದ. ಊಹೂಂ. ಊರದ್ದೇ ಒಂದು ದಾರಿಯಾದರೆ ಪೋರಂದೇ ಒಂದು ದಾರಿ. ಅವನು ಊಟ ಬಿಟ್ಟು ಕೂತದ್ದನ್ನು ನೋಡಲಾರದೆ ಹುಚ್ಚವ್ವ ಬಾಯಿ ಬಿಟ್ಟಳು: "ನಿಮಗ ಕಣ್ಣು ಅದಾವು ಅಂತ ಅದಕ್ಕ ಗೊತ್ತೈತಿ. ಕಣ್ಣಿದ್ದವರ ಮುಂದ ಅದ್ಯಾಕ ಹೋದೀತು?"

ಅಮೋಘಿ ಅವಳನ್ನೇ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು, ಮೋತಿಯ ಬೆನ್ನಿನ ಪಟ್ಟಿಯ ಹಿಡಿಕೆ ಹಿಡಿದು ಬಸ್ ನಿಲ್ದಾಣದ ಕಡೆ ಹೊರಟೇಬಿಟ್ಟ!

ಮೊದಲ ದಿನವೇ ಗಟಾರಕ್ಕೆ ಬಿದ್ದ. ಚಹಾದಂಗಡಿಯ ಹುಸೇನಸಾಬ ಬಿದ್ದು ಬಿದ್ದು ನಕ್ಕ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಅಮೋಘಿ ಮರುದಿನ ಮತ್ತೆ ಹೊರಟ, ಮತ್ತೆ ಬಿದ್ದ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಒಂದು ಮುಂಜಾನೆ ಅದೇ ಗಟಾರದ ಹತ್ತಿರ ಅವನ ಮೊಣಕಾಲಿಗೆ ಬೆಚ್ಚಗೆ ಏನೋ ಅಡ್ಡ ಬಂತು. ಮೋತಿ ಹಿಂದಿನಿಂದ ಸುತ್ತಿ ಬಂದು ಅಡ್ಡ ನಿಂತಿತ್ತು! ಅಮೋಘಿ ರಸ್ತೆಯಲ್ಲೇ ಅದನ್ನು ತಬ್ಬಿಕೊಂಡು ಕುಣಿದ. ಆವತ್ತಿನಿಂದ ಮೋತಿ ಹಿಂದೆ ಸರಿಯಲಿಲ್ಲ.

ಪರೀಕ್ಷೆ ತಿಕೋಟಾದಲ್ಲೇ ನಡೆಯಿತು. ಹಿಡಿಕೆ ವಿದ್ಯಾವತಿಯ ಕೈಯಲ್ಲಿ. ಅಮೋಘಿ ಹುಸೇನಸಾಬನ ಅಂಗಡಿಯ ಮುಂದೆ ನಿಲ್ಲಬೇಕು, ಉಸಿರು ಎತ್ತಬಾರದು, ಮೋತಿ ಅವನ ಕಡೆ ಎಳೆದರೆ ಮುಗಿಯಿತು. ಇಬ್ಬರೂ ಚೆಂದವಾಗಿ ಬರುತ್ತಿದ್ದರು. ಅಷ್ಟರಲ್ಲಿ, ಹಾಳಾದ್ದು, ಅಡ್ಡದಾರಿಯಿಂದ ಕುರಿಮಂದೆ ನುಗ್ಗಿತು. ಯಾರದು? ಅಮೋಘಿಯದೇ! ಟೀಚರ ಬಸ್ಸು ತಡವಾದದ್ದು ಹುಚ್ಚವ್ವನಿಗೇನು ಗೊತ್ತು, ಪರೀಕ್ಷೆ ಮುಗಿದಿರಬೇಕೆಂದು ಮಂದೆ ಹೊಡೆದುಕೊಂಡು ಬಂದಿದ್ದಳು.

ಮೋತಿ ನಿಂತಿತು. ಟೀಚರೂ ನಿಂತರು. ಕುರಿಗಳೆಲ್ಲ ದಾಟಿದವು, ಒಂದು ಎಳೆಮರಿ ಮಾತ್ರ ಹಿಂದೆ ಉಳಿದು ಬ್ಯಾ ಎಂದು ಅರಚುತ್ತ ಬೇರೆ ಕಡೆ ಓಡಿತು. ಮೋತಿಯ ಮೈ ನಡುಗಿತು. ಇಂಥ ಮರಿಗಳನ್ನು ಅದು ಎಷ್ಟು ಸಲ ತಿರುಗಿಸಿ ತಂದಿರಲಿಲ್ಲ! ಅಮೋಘಿಯ ನಾಲಿಗೆಯ ತುದಿಗೆ ಶಿಳ್ಳೆ ಬಂದಿತ್ತು. ರುಮಾಲಿನ ಸೆರಗನ್ನು ಬಾಯಿಗೆ ತುರುಕಿಕೊಂಡ. ಮೋತಿ ಮರಿಯನ್ನು ನೋಡಿತು. ತಲೆಯೆತ್ತಿ ಟೀಚರನ್ನು ನೋಡಿತು. ಆಮೇಲೆ ಖಾಲಿಯಾದ ರಸ್ತೆಯಲ್ಲಿ ಅವರನ್ನು ಕರೆದುಕೊಂಡು ಮುಂದೆ ನಡೆಯಿತು.

ಅಮೋಘಿಯ ಧೋತರಕ್ಕೆ ಮೂಗು ತಾಗುವಷ್ಟು ಹತ್ತಿರದಿಂದಲೇ ಹಾದುಹೋಯಿತು. ಕಿವಿ ಸಹ ಅಲುಗಲಿಲ್ಲ.

ಪಾಸೋ ಫೇಲೋ ಚಂದ್ರಕಲಾ ಇನ್ನೂ ಹೇಳಿರಲಿಲ್ಲ. ತಪ್ಪಿಸಿಕೊಂಡಿದ್ದ ಮರಿಯನ್ನು ಎತ್ತಿಕೊಂಡು ಹುಚ್ಚವ್ವ ಅಂಜುತ್ತ ಹತ್ತಿರ ಬಂದಳು. ಅಮೋಘಿ ಬಾಯಿಂದ ರುಮಾಲು ತೆಗೆದ. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಮುಖದ ತುಂಬ ನಗು.

"ನನ್ನ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲಬೇ," ಎಂದ. "ಪಾಸಾತು."